ಶಿಕ್ಷೆ ಮೊದಲು, ವಿಚಾರಣೆ ಆಮೇಲೆ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಒಂದು ಹೋಬಳಿ ಕೇಂದ್ರ. ಹೋಬಳಿ ಕೇಂದ್ರವೆಂದ ಮೇಲೆ ಅಲ್ಲಿ ನಾಡಕಚೇರಿ ಇರುತ್ತದೆ, ಶಾಲೆ ಇರುತ್ತದೆ, ಸರ್ಕಾರಿ ಬಸ್ಸು ಬಂದುಹೋಗುತ್ತದೆ. ತಿಂಗಳ ಸಂಬಳದ ಮೇಲೆ ಸಂಸಾರ ತೂಗಿಸುವ ಹತ್ತಾರು ಮಂದಿ ಇರುತ್ತಾರೆ. ಇಂಥ ಯಾವುದೇ ಊರಿನಲ್ಲಿ ನೌಕರನೊಬ್ಬನ ಮೇಲೆ ದೂರು ಬಿದ್ದರೆ ಅದು ಕಚೇರಿಯ ಕಡತದಲ್ಲೇ ಉಳಿಯುವುದಿಲ್ಲ. ಬೆಳಿಗ್ಗೆ ‘ಸಸ್ಪೆಂಡ್ ಆದನಂತೆ’ ಎಂಬ ಮಾತು ಸಂಜೆಯ ಹೊತ್ತಿಗೆ ‘ದುಡ್ಡು ತಿಂದನಂತೆ’ ಎಂದಾಗಿರುತ್ತದೆ. ಆರೋಪ ಪಟ್ಟಿಯ ಮೊದಲ ಸಾಲನ್ನೂ ಆಗಿನ್ನೂ ಯಾರೂ ಬರೆದಿರುವುದಿಲ್ಲ. ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ಅಡ್ಡಿಯಾಗದಿರಲೆಂದು ನೌಕರನನ್ನು ದೂರ ಇರಿಸುವ ಕ್ರಮ ಮಾತ್ರ ಎಂದು ಕಾನೂನು ಹೇಳುತ್ತದೆ. ಅವನ ಮಗಳಿಗೆ ಗಂಡು ತೋರಿಸಲು ಬಂದವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಆಡುವವರೂ ಇದೇ ಜನ. ಸರ್ಕಾರಿ ಕಚೇರಿಯಲ್ಲಿ ಇಲಾಖಾ ವಿಚಾರಣೆಯೆಂದೂ ಕಾರ್ಖಾನೆಯಲ್ಲಿ ಆಂತರಿಕ ವಿಚಾರಣೆಯೆಂದೂ ಹೇಳುವ ಪದ್ಧತಿ ಆ ಗಾದೆಯನ್ನು ನಿಯಮವಾಗಿ ಬೆಳೆಸಿದ್ದು. ನೋಟಿಸು, ಉತ್ತರ, ಸಾಕ್ಷಿ, ಪಾಟೀಸವಾಲು, ವರದಿ ಎಂದು ವರ್ಷಗಟ್ಟಲೆ ಎಳೆಯುವ ಈ ಕ್ರಮ ತಪ್ಪಿತಸ್ಥರನ್ನು ಕಾಯುವ ಕಾಗದದ ಕೋಟೆ ಎಂದು ಬೇಸರಪಡುವವರೇ ಹೆಚ್ಚು. ಆ ಬೇಸರದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಈ ನಿಯಮಗಳು ಹುಟ್ಟಿದ ಬಗೆಯನ್ನು ನೋಡಿದರೆ ಬಹುಪಾಲು ಪ್ರತಿಯೊಂದರ ಹಿಂದೆಯೂ ಅದಿಲ್ಲದೆ ಕೆಟ್ಟ ಒಬ್ಬ ಮನುಷ್ಯ ಕಾಣುತ್ತಾನೆ. ಆ ಚರಿತ್ರೆಯ ಹಲವು ಪುಟಗಳು ಮೈಸೂರಿನವು.

ಮೊದಲ ಪುಟವಂತೂ ಅಕ್ಷರಶಃ ಮೈಸೂರಿನಲ್ಲೇ ಸಿಕ್ಕಿತು. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟು ಬಂತು. ಕಳೆದೇಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ರಾಜನೀತಿಯ ಗ್ರಂಥವೆಂದು ಹೆಸರಾದ ಈ ಪುಸ್ತಕದ ಎರಡನೆಯ ಅಧಿಕರಣ ಹೆಚ್ಚಾಗಿ ಕಚೇರಿಯ ವಿಷಯ. ನೌಕರರು ಬೊಕ್ಕಸದ ಹಣ ಕಬಳಿಸುವ ನಲವತ್ತು ವಿಧಾನಗಳನ್ನು ಕೌಟಿಲ್ಯ ಎಣಿಸಿ ಹೇಳುತ್ತಾನೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ಹೇಳಲಾಗದು ಎಂಬ ಅವನ ಹೋಲಿಕೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದಿರುವುದು ಅವನು ಹೇಳಿದ ವಿಚಾರಣೆಯ ಕ್ರಮ.

ಹಣ ತಿಂದ ಅನುಮಾನ ಬಂದರೆ ಭಂಡಾರದವನು, ಲೆಕ್ಕ ಬರೆದವನು, ಹಣ ಪಡೆದವನು, ಕೊಟ್ಟವನು, ಕೊಡಿಸಿದವನು ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ, ಬೇರೆಬೇರೆಯಾಗಿ ಕೇಳಬೇಕು. ಸುಳ್ಳು ಹೇಳಿದವನಿಗೆ ತಪ್ಪು ಮಾಡಿದವನಷ್ಟೇ ದಂಡ. ಆಮೇಲೆ ನಾಡಿನಲ್ಲೆಲ್ಲ ಡಂಗುರ ಹೊಡೆಸಿ, ಈ ಅಧಿಕಾರಿಯಿಂದ ನೊಂದವರು ಬಂದು ಹೇಳಿಕೊಳ್ಳಿ ಎಂದು ಕರೆಯಬೇಕು. ಬಂದವರ ನಷ್ಟ ತುಂಬಿಕೊಡಬೇಕು. ಸುಳಿವು ಕೊಟ್ಟು ಸಾಧಿಸಿದವನಿಗೆ ಹಣದ ಆರನೆಯ ಒಂದು ಭಾಗ ಬಹುಮಾನ, ಅವನೂ ನೌಕರನಾದರೆ ಹನ್ನೆರಡನೆಯ ಒಂದು ಭಾಗ. ಹೇಳಿದ್ದನ್ನು ಸಾಧಿಸಲಾರದ ಚಾಡಿಕೋರನಿಗೆ ದಂಡ ತಪ್ಪದು. ಸಾಕ್ಷಿಗಳು ಒಬ್ಬರ ಮಾತು ಕೇಳಿ ಇನ್ನೊಬ್ಬರು ಹೇಳದಂತೆ ಅವರನ್ನು ಬೇರೆಬೇರೆಯಾಗಿ ಕೇಳುವುದು ಇಂದಿಗೂ ಒಳ್ಳೆಯ ತನಿಖೆಯ ಮೊದಲ ಪಾಠ. ಹೀಗಾಗಿ ಹಲವು ವಿಷಯಗಳಲ್ಲಿ ಕೌಟಿಲ್ಯ ಈಗಿನವರಿಗಿಂತ ಹಿಂದೆ ಬಿದ್ದವನಲ್ಲ.

ಒಂದು ಕಡೆ ಮಾತ್ರ ಅವನ ದಾರಿ ಬೇರೆ. ಹಲವು ಆರೋಪಗಳಿರುವ ಅಧಿಕಾರಿ ಎಲ್ಲವನ್ನೂ ಅಲ್ಲಗಳೆದು ಒಂದರಲ್ಲಿ ಸಿಕ್ಕಿಬಿದ್ದರೆ ಎಲ್ಲದಕ್ಕೂ ಅವನೇ ಹೊಣೆ ಎನ್ನುತ್ತಾನೆ. ಒಂದರಲ್ಲಿ ಕಳ್ಳನಾದವನು ಉಳಿದದ್ದರಲ್ಲಿ ಸಾಚಾ ಆಗಿರುತ್ತಾನೆಯೇ ಎಂಬುದು ಇದರ ತರ್ಕ. ಹೋಟೆಲಿನ ತರ್ಕವೂ ಅದೇ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಎರಡನೆಯ ಪುಟದಲ್ಲಿ ಆಪಾದಿತನಾಗಿ ನಿಂತವರು ಮೈಸೂರಿನ ಮಹಾರಾಜರೇ. 1799ರ ಒಪ್ಪಂದದಂತೆ ಮುಮ್ಮಡಿ ಕೃಷ್ಣರಾಜ ಒಡೆಯರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಪ್ಪ ಕೊಡಬೇಕಿತ್ತು. ಅದು ಸಲ್ಲದ ಅಪಾಯ ಕಂಡುಬಂದರೆ, ಬೇಕಾದಷ್ಟು ಸೀಮೆಯನ್ನು ಕಂಪನಿ ತನ್ನ ವಶಕ್ಕೆ ತೆಗೆದುಕೊಳ್ಳಬಹುದಿತ್ತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೊ ಮೈಸೂರಿಗೆ ಬಂದು ಖರ್ಚು ಹಿಡಿತದಲ್ಲಿಡುವಂತೆ ಅರಸರಿಗೆ ಹೇಳಿಹೋದದ್ದುಂಟು. 1830-31ರಲ್ಲಿ ನಗರದ ಸೀಮೆಯ ರೈತರು ದಂಗೆ ಎದ್ದರು. 1831ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಅರಸರಿಗೆ ಪತ್ರ ಬರೆದ. ಅಕ್ಟೋಬರಿನಲ್ಲಿ ರಾಜ್ಯದ ಆಡಳಿತ ಕಂಪನಿಯ ಕೈಸೇರಿತು. ದಂಗೆಗೆ ಕಾರಣವೇನು, ತಪ್ಪು ಯಾರದು ಎಂದು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಇವರಿದ್ದ ಸಮಿತಿ ಏರ್ಪಟ್ಟದ್ದು ಆಮೇಲೆ. ಅದರ ವರದಿ ಬಂದದ್ದು 1833ರ ಡಿಸೆಂಬರಿನಲ್ಲಿ. ಕೆಲಸದಿಂದ ತೆಗೆದು ಎರಡು ವರ್ಷವಾದ ಮೇಲೆ ವಿಚಾರಣಾ ವರದಿ ಕೈಗೆ ಬಂದಂತಾಯಿತು.

ಆಡಳಿತದಲ್ಲಿ ತಪ್ಪುಗಳಿರಲಿಲ್ಲವೆಂದು ಯಾರೂ ಹೇಳಲಿಲ್ಲ. ಅಮಲ್ದಾರರಿಂದ ಇಂತಿಷ್ಟು ವಸೂಲಿ ತೋರಿಸುತ್ತೇನೆಂದು ಬರೆಸಿಕೊಳ್ಳುತ್ತಿದ್ದ ಷರತ್ತಿನ ಪದ್ಧತಿ ರೈತನ ಬೆನ್ನು ಮುರಿದಿತ್ತು. ಆದರೂ ಬೆಂಟಿಂಕನ ಮನಸ್ಸಿಗೆ ಸಮಾಧಾನವಿರಲಿಲ್ಲ. 1834ರ ಏಪ್ರಿಲಿನಲ್ಲಿ ಅವನು ಲಂಡನ್ನಿನ ನಿರ್ದೇಶಕರಿಗೆ ತನ್ನ ಸಂಶಯಗಳನ್ನು ಬರೆದುಕೊಂಡ. ಒಪ್ಪಂದ ರಾಜ್ಯವನ್ನು ವಹಿಸಿಕೊಳ್ಳಲು ಬಿಡುವುದು ಕಪ್ಪದ ಹಣಕ್ಕಾಗಿ. ವಹಿಸಿಕೊಂಡದ್ದು ದುರಾಡಳಿತದ ಕಾರಣಕ್ಕೆ. ಕಪ್ಪಕ್ಕೆ ತಕ್ಷಣದ ಅಪಾಯವೇನೂ ಬಂದಿರಲಿಲ್ಲ. ಒಂದು ಭಾಗ ಸಾಕಾಗುತ್ತಿದ್ದಲ್ಲಿ ಇಡೀ ರಾಜ್ಯವನ್ನೇ ತೆಗೆದುಕೊಂಡದ್ದಾಯಿತು. ಹೀಗೇ ಮುಂದುವರಿದರೆ ಇಂಥದೇ ಪರಿಣಾಮವೆಂದು ಅರಸರಿಗೆ ಇನ್ನಷ್ಟು ಸ್ಪಷ್ಟವಾಗಿ ಮೊದಲೇ ತಿಳಿಸಿದ್ದರೆ ನ್ಯಾಯವಾಗುತ್ತಿತ್ತೇನೋ. ಇಂದು ಯಾವುದೇ ಕಾರ್ಮಿಕ ನ್ಯಾಯಾಲಯದಲ್ಲಿ ವಜಾ ಆದ ನೌಕರನ ವಕೀಲರು ಎತ್ತುವ ವಾದಗಳೂ ಇವೇ: ಆರೋಪ ಒಂದು, ಶಿಕ್ಷೆಯ ಕಾರಣ ಇನ್ನೊಂದು, ತಪ್ಪಿಗೆ ಮೀರಿದ ಶಿಕ್ಷೆ, ಮುನ್ಸೂಚನೆ ಇಲ್ಲ. ಶಿಕ್ಷೆ ಕೊಟ್ಟವನೇ ಇವನ್ನೆಲ್ಲ ಬರೆದಿಟ್ಟದ್ದು ಅಪರೂಪ.

ರಾಜ್ಯದ ಹೆಚ್ಚಿನ ಭಾಗವನ್ನು ಹಿಂದಕ್ಕೆ ಕೊಡೋಣವೆಂಬ ಬೆಂಟಿಂಕನ ಸಲಹೆಯನ್ನು ನಿರ್ದೇಶಕರು ಒಪ್ಪಲಿಲ್ಲ. ಅರಸರಿಗೆ ಒಪ್ಪಂದದಂತೆ ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಆದಾಯದ ಐದನೆಯ ಒಂದು ಭಾಗ ಬರುತ್ತಿತ್ತು. ಅಮಾನತಾದವನ ಜೀವನಾಧಾರ ಭತ್ಯೆಯೆಂದರೂ ಸಲ್ಲುತ್ತದೆ. ಮುಮ್ಮಡಿಯವರು ಮನವಿಯ ಮೇಲೆ ಮನವಿ ಬರೆಯುತ್ತಲೇ 1868ರಲ್ಲಿ ತೀರಿಕೊಂಡರು. ರಾಜ್ಯ ಹಿಂದಕ್ಕೆ ಬಂದದ್ದು 1881ರ ಮಾರ್ಚ್ 25ರಂದು, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ. ವರದಿ ಬರುವ ಮೊದಲು ಹೊರಟ ಆಜ್ಞೆಯೊಂದನ್ನು ಸರಿಪಡಿಸಲು ಹಿಡಿದ ಕಾಲ 50 ವರ್ಷ.

ಕಂಪನಿ ಸರ್ಕಾರ ತನ್ನ ಅಧಿಕಾರಿಗಳ ವಿಷಯದಲ್ಲಿ ಇದಕ್ಕಿಂತ ಎಚ್ಚರಿಕೆ ವಹಿಸಿತು. 1850ರ ಸರ್ಕಾರಿ ನೌಕರರ ವಿಚಾರಣಾ ಕಾಯ್ದೆ ಇಂದಿಗೂ ಊರ್ಜಿತದಲ್ಲಿದೆ. ಆರೋಪಗಳನ್ನು ಕಲಮುಗಳಾಗಿ ಬರೆಯಬೇಕು. ಆ ಪಟ್ಟಿಯನ್ನೂ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿಯನ್ನೂ ವಿಚಾರಣೆ ಆರಂಭವಾಗುವ ಕನಿಷ್ಠ 3 ದಿನ ಮುಂಚೆ ಆಪಾದಿತನಿಗೆ ಕೊಡಬೇಕು. ಸಾಕ್ಷಿಗಳನ್ನು ಅವನು ಪಾಟೀಸವಾಲು ಮಾಡಬಹುದು. ದೂರು ಕೊಟ್ಟವನು ಖಾಸಗಿ ವ್ಯಕ್ತಿಯಾದರೆ ಅವನು ಪ್ರಮಾಣ ಮಾಡಿ ಹೇಳಬೇಕು, ಜಾಮೀನು ಕೊಡಬೇಕು. ಚಾಡಿಕೋರನ ಬಗ್ಗೆ ಕೌಟಿಲ್ಯನಿಗಿದ್ದ ಅನುಮಾನ ಇಲ್ಲಿಯೂ ಇದೆ.

ಇದೆಲ್ಲ ದೊಡ್ಡ ಅಧಿಕಾರಿಗಳ ಮಾತಾಯಿತು. ರಾವಂದೂರಿನಂಥ ಕಡೆ ಸರ್ಕಾರವೆಂದರೆ ಪಟೇಲರು ಮತ್ತು ಶಾನುಭೋಗರು. ಮೈಸೂರು ಸಂಸ್ಥಾನದಲ್ಲಿ ಅವರ ಹುದ್ದೆಗಳು 1908ರ ಗ್ರಾಮ ಹುದ್ದೆಗಳ ಕಾಯ್ದೆಗೆ ಒಳಪಟ್ಟಿದ್ದವು. ಮನೆತನದಲ್ಲಿ ಇಳಿದುಬರುವ ಹುದ್ದೆಗಳು ಅವು. ಹುದ್ದೆ ಹೋದರೆ ಮಾನವೂ ವಂಶದ ಹಕ್ಕೂ ಜೊತೆಗೇ ಹೋಗುವ ಭಯ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಆ ವ್ಯವಸ್ಥೆ ಮುಗಿಯಿತು. ಅವರ ಜಾಗಕ್ಕೆ ಬಂದ ಗ್ರಾಮಲೆಕ್ಕಿಗರು ಸಂಬಳದ ಸರ್ಕಾರಿ ನೌಕರರು. ಹೋಬಳಿಯ ಲೆಕ್ಕದ ಪುಸ್ತಕ ಹಿಡಿದವನಿಗೂ ವಿಧಾನಸೌಧದ ಅಧಿಕಾರಿಗೂ ಅಂದಿನಿಂದ ಒಂದೇ ರಕ್ಷಣೆ: ಸಂವಿಧಾನದ 311ನೇ ವಿಧಿ. ಆರೋಪ ತಿಳಿಸಿ, ಉತ್ತರ ಹೇಳಲು ತಕ್ಕ ಅವಕಾಶ ಕೊಟ್ಟು, ವಿಚಾರಣೆ ಮಾಡಿದ ಹೊರತು ಯಾರನ್ನೂ ವಜಾ ಮಾಡಕೂಡದು, ಕೆಳಗಿಳಿಸಕೂಡದು ಎಂಬುದು ಅದರ ಸಾರ. ರಾಜ್ಯ ಸರ್ಕಾರಿ ನೌಕರರಿಗೆ ಆ ಸಾರವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳುವುದು ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ಕುರಿತ 1957ರ ನಿಯಮಗಳು.

‘ತಕ್ಕ ಅವಕಾಶ’ ಎಂದರೆ ಎಷ್ಟು? ಆರೋಪವನ್ನು ಅಲ್ಲಗಳೆಯುವ ಅವಕಾಶ, ಎದುರಿನ ಸಾಕ್ಷಿಗಳನ್ನು ಪಾಟೀಸವಾಲು ಮಾಡಿ ತನ್ನ ಸಾಕ್ಷಿಗಳನ್ನು ಕರೆಸುವ ಅವಕಾಶ, ಕೊನೆಗೆ ಶಿಕ್ಷೆಯ ಬಗ್ಗೆಯೂ ಹೇಳಿಕೊಳ್ಳುವ ಅವಕಾಶ ಎಂದು 1957ರಲ್ಲಿ ಖೇಮ್‌ಚಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಅದೇ ಕಾಲಕ್ಕೆ ಕೋರ್ಟಿನ ಮುಂದೆ ಬಂದ ಉತ್ತರ ಪ್ರದೇಶದ ಹೆಡ್ ಕಾನ್‌ಸ್ಟೆಬಲ್ ಒಬ್ಬನ ಕಥೆ ವಿಚಿತ್ರ. ವಿಚಾರಣೆಯ ನಡುವೆ ಸಾಕ್ಷಿಯೊಬ್ಬ ತಿರುಗಿಬಿದ್ದ. ವಿಚಾರಣೆ ನಡೆಸುತ್ತಿದ್ದ ಪೊಲೀಸ್ ಅಧಿಕಾರಿ ಕುರ್ಚಿಯಿಂದ ಎದ್ದು, ಇನ್ನೊಬ್ಬ ಅಧಿಕಾರಿಯ ಮುಂದೆ ತಾನೇ ಸಾಕ್ಷಿ ಹೇಳಿ, ಮತ್ತೆ ಕುರ್ಚಿಯಲ್ಲಿ ಕುಳಿತು ತೀರ್ಪು ಕೊಟ್ಟ. ತನ್ನ ಸಾಕ್ಷ್ಯವನ್ನು ತಾನೇ ನಂಬದೆ ಇರುತ್ತಾನೆಯೇ? ಕೋರ್ಟು ಈ ನಡವಳಿಕೆಯನ್ನು ಕಟುವಾಗಿ ಖಂಡಿಸಿತು. ಆದರೆ ವಜಾ ಆದದ್ದು ಸಂವಿಧಾನ ಜಾರಿಗೆ ಬರುವ ಮುಂಚೆ. ಹಿಂದಿನ ದಿನಕ್ಕೆ ಸಂವಿಧಾನ ಅನ್ವಯಿಸದು. ಹೆಡ್ ಕಾನ್‌ಸ್ಟೆಬಲ್‌ಗೆ ಕೆಲಸ ಸಿಗಲಿಲ್ಲ. ಮುಂದಿನವರಿಗೆ ನಿಯಮ ಸಿಕ್ಕಿತು.

ಮೈಸೂರಿನ ಮೂರನೆಯ ಪುಟ ಮಂಚೇಗೌಡ ಮೊಕದ್ದಮೆ. ಬೆಂಗಳೂರಿನಲ್ಲಿ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿದ್ದ ಈ ಅಧಿಕಾರಿಯ ಮೇಲೆ ಭತ್ಯೆಗಾಗಿ ಸುಳ್ಳು ಬಿಲ್ಲು ಮಾಡಿದ ಆರೋಪವಿತ್ತು. ವಿಚಾರಣೆ ಕ್ರಮವಾಗಿಯೇ ನಡೆಯಿತು. ಹುದ್ದೆಯಲ್ಲಿ ಕೆಳಗಿಳಿಸಿದರೆ ಸಾಕು ಎಂದು ವಿಚಾರಣಾಧಿಕಾರಿ ಶಿಫಾರಸು ಮಾಡಿದರು. ಸರ್ಕಾರ ವಜಾ ಮಾಡಬಾರದೇಕೆ ಎಂದು ನೋಟಿಸು ಕೊಟ್ಟು, ಉತ್ತರ ಪಡೆದು, ವಜಾ ಮಾಡಿತು. ಆಜ್ಞೆಯಲ್ಲಿ ಕೊಟ್ಟ ಕಾರಣ ನೋಟಿಸಿನಲ್ಲಿ ಇರಲೇ ಇಲ್ಲ: ಅವರ ಹಿಂದಿನ ಸೇವಾ ದಾಖಲೆ ಚೆನ್ನಾಗಿಲ್ಲ, ಹಿಂದೆಯೂ ಶಿಕ್ಷೆಯಾಗಿದೆ ಎಂಬುದು.

ಮೈಸೂರು ಹೈಕೋರ್ಟು ಆಜ್ಞೆಯನ್ನು ರದ್ದುಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. 1963ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನ್ಯಾಯಮೂರ್ತಿ ಸುಬ್ಬರಾವ್ ಅವರ ಮೂಲಕ ಕೊಟ್ಟ ಉತ್ತರವನ್ನು ಸಾಮಾನ್ಯ ಓದುಗನೂ ಒಪ್ಪುವಂತಿದೆ. ಹಳೆಯ ದಾಖಲೆಯನ್ನು ನೋಡಬಾರದೆಂದಲ್ಲ. ನೋಡುವುದಾದರೆ ಅವನಿಗೆ ಹೇಳಿ ನೋಡಬೇಕು. ಹಳೆಯ ದಾಖಲೆ ಅವನಿಗೆ ಗೊತ್ತೇ ಇರುತ್ತದಲ್ಲ ಎಂಬ ವಾದ ಸಾಲದು. ಅದನ್ನು ಈಗ ತನ್ನ ವಿರುದ್ಧ ಬಳಸಲಿದ್ದಾರೆಂದು ಗೊತ್ತಿದ್ದರಲ್ಲವೇ ಅವನು ಉತ್ತರಿಸುವುದು? ಆ ಹಳೆಯ ಆಜ್ಞೆ ಮೇಲ್ಮನವಿಯಲ್ಲಿ ಬಿದ್ದುಹೋಗಿರಬಹುದು, ಆಮೇಲೆ ಅವನು ಚೆನ್ನಾಗಿ ಕೆಲಸ ಮಾಡಿ ಹೆಸರು ಗಳಿಸಿರಬಹುದು. ‘ಒಂದರಲ್ಲಿ ಸಿಕ್ಕಿದವನು ಎಲ್ಲದಕ್ಕೂ ಹೊಣೆ’ ಎಂಬ ಸೂತ್ರ ಮೈಸೂರಿನ ಓಲೆಗರಿಯಿಂದ ಹೊರಬಂದ ಮೇಲೆ ಅದಕ್ಕೆ ಪಕ್ಕಾ ಉತ್ತರ ಮೈಸೂರಿನ ಮೊಕದ್ದಮೆಯಿಂದಲೇ ಬಂತು. ಅಧಿಕಾರಿ ನಿರ್ದೋಷಿಯೆಂದು ಕೋರ್ಟು ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು. ತಪ್ಪಿದ ಹಂತದಿಂದ ಮತ್ತೆ ನಡೆಸಲು ಸರ್ಕಾರಕ್ಕೆ ಅಡ್ಡಿಯಿಲ್ಲವೆಂದಿತು. 1976ರ 42ನೇ ತಿದ್ದುಪಡಿ ಶಿಕ್ಷೆಯ ಬಗೆಗಿನ ಎರಡನೆಯ ನೋಟಿಸನ್ನೇ ತೆಗೆದುಹಾಕಿತು. ವಿಚಾರಣಾಧಿಕಾರಿಯ ವರದಿಯನ್ನಾದರೂ ನೌಕರನಿಗೆ ಕೊಟ್ಟು ಅವನ ಮಾತು ಕೇಳಿದ ಮೇಲೆಯೇ ತೀರ್ಮಾನಿಸಬೇಕೆಂದು 1993ರಲ್ಲಿ ಕರುಣಾಕರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಕಿಂಡಿಯನ್ನು ಸ್ವಲ್ಪ ಮುಚ್ಚಿತು.

ಹಾಗೆಂದು ಇಲಾಖಾ ವಿಚಾರಣೆ ಕೋರ್ಟಿನ ಕಟಕಟೆಯಲ್ಲ. ಮೈಸೂರು ರಾಜ್ಯದ್ದೇ ಇನ್ನೊಂದು ಪ್ರಕರಣದಲ್ಲಿ, ಶಿವಬಸಪ್ಪ ಮಾಕಾಪುರ ಎಂಬವರ ಮೊಕದ್ದಮೆಯಲ್ಲಿ, ಸಾಕ್ಷಿ ಮೊದಲು ಕೊಟ್ಟ ಹೇಳಿಕೆಯನ್ನೇ ಅವನ ಮುಂದೆ ಓದಿ, ಅವನು ಹೌದೆಂದರೆ ದಾಖಲಿಸಬಹುದು, ಎಲ್ಲವನ್ನೂ ಮತ್ತೆ ಬಾಯಲ್ಲಿ ಹೇಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಷರತ್ತು ಒಂದೇ: ಆ ಹೇಳಿಕೆಯ ಪ್ರತಿ ನೌಕರನಿಗೆ ಸಿಕ್ಕಿರಬೇಕು, ಪಾಟೀಸವಾಲಿಗೆ ಸಾಕ್ಷಿ ಎದುರಿಗಿರಬೇಕು. ದೂರು ನಿಜವೋ ಎಂದು ಮೊದಲು ಗುಟ್ಟಾಗಿ ನೋಡುವ ಪ್ರಾಥಮಿಕ ತನಿಖೆಯೇ ಬೇರೆ, ಆರೋಪ ಪಟ್ಟಿಯ ಮೇಲೆ ನಡೆಯುವ ವಿಚಾರಣೆಯೇ ಬೇರೆ. ಮೊದಲನೆಯದರಲ್ಲಿ ಬೆನ್ನ ಹಿಂದೆ ಬರೆದುಕೊಂಡದ್ದನ್ನು ನೇರವಾಗಿ ಎರಡನೆಯದರ ತೀರ್ಪಿಗೆ ಸುರಿದುಕೊಳ್ಳುವುದು ಕಚೇರಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಕೋರ್ಟಿನಲ್ಲಿ ಆಜ್ಞೆಗಳು ಮುರಿದುಬೀಳುವುದೂ ಬಹುಮಟ್ಟಿಗೆ ಅಲ್ಲಿಯೇ.

ಪುರಾವೆಯ ಅಳತೆಯೂ ಇಲ್ಲಿ ಬೇರೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸಬೇಕು; ಇಲ್ಲಿ ಎರಡೂ ಕಡೆಯ ಮಾತನ್ನು ತೂಗಿ ಯಾವುದು ಹೆಚ್ಚು ಸಂಭವನೀಯ ಎಂದು ನೋಡಿದರೆ ಸಾಕು. ಇದನ್ನು ತಿಳಿಯಲು ಬಸ್ಸು ಹತ್ತಬೇಕು. ಹರಿಯಾಣದ ಬಸ್ಸೊಂದರಲ್ಲಿ ತಪಾಸಣೆಯವರಿಗೆ ದುಡ್ಡು ಕೊಟ್ಟೂ ಟಿಕೆಟ್ ಸಿಗದ 11 ಮಂದಿ ಸಿಕ್ಕಿದ್ದರು. ಅವರಲ್ಲಿ ಒಬ್ಬರನ್ನೂ ಸಾಕ್ಷಿಗೆ ಕರೆಸಲಿಲ್ಲವೆಂದು ಕಂಡಕ್ಟರ್ ವಾದಿಸಿದ. ದಾರಿಹೋಕರನ್ನು ಊರೂರು ಹುಡುಕಿ ತರಬೇಕಿಲ್ಲ, ತಪಾಸಣೆ ಮಾಡಿದವರ ನಂಬಬಹುದಾದ ಮಾತೂ ಸಾಕ್ಷ್ಯವೇ ಎಂದು 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಮಾನಿಸಿದರು. ಕಾರ್ಮಿಕರ ಪರ ಒಲವಿಗೆ ಹೆಸರಾದ ನ್ಯಾಯಾಧೀಶರ ತೀರ್ಪು ಅದು. 2001ರಲ್ಲಿ ಕರ್ನಾಟಕ ಸಾರಿಗೆ ನಿಗಮದ ಕಂಡಕ್ಟರೊಬ್ಬರ ಪ್ರಕರಣದಲ್ಲಿ ಕೋರ್ಟು ಇನ್ನೂ ಬಿಗಿಯಾಗಿತ್ತು. 35 ಪ್ರಯಾಣಿಕರಿಂದ ಕಡಿಮೆ ದರ ಪಡೆದದ್ದು ಸಾಬೀತಾಗಿತ್ತು. 22 ವರ್ಷ ಸೇವೆ ಮಾಡಿದವರಿಗೆ ಸರಿಯಾದ ದರ ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟವೆಂದು ವಜಾ ಆಜ್ಞೆಯನ್ನು ಎತ್ತಿಹಿಡಿಯಿತು. ಕ್ರಮ ಸರಿಯಾಗಿದ್ದರೆ ಶಿಕ್ಷೆ ನಿಲ್ಲುತ್ತದೆ. ವಿಚಾರಣೆಯ ನಿಯಮಗಳು ಕಳ್ಳರಿಗಾಗಿ ಎನ್ನುವವರು ಇದನ್ನು ಮರೆಯುತ್ತಾರೆ.

ವಿಚಾರಣೆ ಎಳೆಯುವ ಕಾಲದಲ್ಲಿ ಹೊಟ್ಟೆಯ ಪ್ರಶ್ನೆಯೂ ಇದೆ. ಕಾರ್ಖಾನೆ ಕಾರ್ಮಿಕರಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆ ‘ದುರ್ನಡತೆ’ ಯಾವುದೆಂದು ಮೊದಲೇ ಬರೆದಿಡುವಂತೆ ಮಾಲೀಕರನ್ನು ಕಟ್ಟಿಹಾಕಿತು. ಅದಕ್ಕೆ 1982ರಲ್ಲಿ ಸೇರಿದ ತಿದ್ದುಪಡಿ ಅಮಾನತಿನ ಮೊದಲ 90 ದಿನ ಅರ್ಧ ಸಂಬಳ, ಕಾರ್ಮಿಕನ ತಪ್ಪಿಲ್ಲದೆ ವಿಳಂಬವಾದರೆ ಆಮೇಲೆ ಮುಕ್ಕಾಲು ಸಂಬಳ ಎಂದಿತು. ಆ ಕಾಯ್ದೆಯ ಜಾಗಕ್ಕೆಂದು ಮಾಡಿದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಲೆಕ್ಕವೇ ಉಳಿದಿದೆ. ಸರ್ಕಾರಿ ನೌಕರರ ವಿಷಯದಲ್ಲಿ, ಆರೋಪ ಪಟ್ಟಿಯನ್ನೇ ಕೊಡದೆ ಅಮಾನತನ್ನು 3 ತಿಂಗಳಿಗಿಂತ ಹೆಚ್ಚು ಎಳೆಯಬಾರದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು.

ಇಷ್ಟು ಹೊತ್ತೂ ಆಪಾದಿತನ ಮಾತಾಯಿತು. ದೂರು ಕೊಟ್ಟವರದೂ ಒಂದು ಬದುಕಿದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಹೊಗೆಸೊಪ್ಪಿನ ಸೀಮೆಯಲ್ಲಿ ಎಲೆ ಕೀಳಲು, ಬ್ಯಾರನ್ನಿಗೆ ಎಲೆ ಕಟ್ಟಲು ಹೋಗುವ ಹೆಂಗಸರು ಕೆಲಸ ಮಾಡುವ ಜಾಗಗಳಲ್ಲಿ ಎಷ್ಟೋ ಕಡೆ ಹತ್ತು ಮಂದಿಯೂ ಇರುವುದಿಲ್ಲ. 1997ರ ವಿಶಾಖಾ ತೀರ್ಪಿನ ಬಳಿಕ ಬಂದ 2013ರ ಕಾಯ್ದೆ ಹತ್ತು ಮತ್ತು ಅದಕ್ಕೂ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕೆನ್ನುತ್ತದೆ. ಅಷ್ಟು ಮಂದಿ ಇಲ್ಲದ ಕಡೆಯವರಿಗೂ, ಮಾಲೀಕನ ಮೇಲೆಯೇ ದೂರು ಇರುವವರಿಗೂ ಜಿಲ್ಲೆಯ ಸ್ಥಳೀಯ ಸಮಿತಿ. ವಿಚಾರಣೆಗೆ 90 ದಿನದ ಗಡುವು. ದೂರು ಕೊಟ್ಟವಳ ಹೆಸರು ಬಯಲಾಗಕೂಡದು. ಹಣ ಕೊಟ್ಟು ರಾಜಿ ಮಾಡಿಸುವಂತಿಲ್ಲ. ಮಾಲೀಕನ ಜಗಲಿಯ ಮೇಲೆ ನಾಲ್ಕು ಜನ ಕೂತು ತೀರಿಸಿಬಿಡುವ ಪಂಚಾಯಿತಿಗೂ ಇದಕ್ಕೂ ಇರುವ ಅಂತರ ಇದೇ.

ಇಂಥ ವಿಚಾರಣೆಯನ್ನು ಅವಸರದಲ್ಲಿ ಮುಗಿಸಿದರೆ ನೊಂದವರಿಗೆ ಉಪಕಾರವಾಗುತ್ತದೆಯೇ? ಗೋವಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. ಸಮಿತಿ ಹಲವು ಸಭೆಗಳನ್ನು ಬೆನ್ನಿಗೆ ಬೆನ್ನಾಗಿ ನಡೆಸಿ, ಉತ್ತರಕ್ಕೂ ಪಾಟೀಸವಾಲಿಗೂ ಸರಿಯಾದ ಸಮಯ ಕೊಡದೆ ವರದಿ ಮುಗಿಸಿತು. ಪ್ರಾಧ್ಯಾಪಕರು ವಜಾ ಆದರು. ಹೈಕೋರ್ಟು ಅದನ್ನು ಒಪ್ಪಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನೆಲ್ಲ ತಳ್ಳಿಹಾಕಿ, 2009ರ ಮೇ ತಿಂಗಳಲ್ಲಿ ಇದ್ದ ಹಂತದಿಂದ ವಿಚಾರಣೆಯನ್ನು ಮತ್ತೆ ನಡೆಸುವಂತೆ ಆದೇಶಿಸಿತು. ದೂರು ಕೊಟ್ಟಾಗ ತರಗತಿಯಲ್ಲಿ ಕುಳಿತಿದ್ದ ಹುಡುಗಿಯರು ಅಷ್ಟರಲ್ಲಿ 14 ವರ್ಷ ದೊಡ್ಡವರಾಗಿದ್ದರು.